ಬೆಳ್ಳಿಗೆ ಬೆನ್ನೂ ಇದೆ, ಮುಖವೂ ಇದೆ: ದೂರದರ್ಶಕದ ಕನ್ನಡಿಗೆ ಮನೆಯಲ್ಲೇ ಲೇಪ ಹಾಕಿದ ನನ್ನ ಅನುಭವ

ಆರು ಇಂಚಿನ ದೂರದರ್ಶಕದ ಕನ್ನಡಿಗೆ ದಾವಣಗೆರೆಯ ನಮ್ಮ ಮನೆಯ ಹಿತ್ತಿಲ ಕೋಣೆಯಲ್ಲಿ, ತಟ್ಟೆಯೊಂದರಲ್ಲಿ ದ್ರಾವಣ ಸುರಿದು ಹಾಕಿದ ಬೆಳ್ಳಿಯ ಲೇಪವು ಒಂದು ಬೇಸಿಗೆಯನ್ನೂ ಒಂದು ಮಳೆಗಾಲವನ್ನೂ ದಾಟಿ, ಈಗಲೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 91–92 ಭಾಗವನ್ನು ಹಿಂದಿರುಗಿಸುತ್ತಿದೆ. ಹಾಕಿದ ವಾರ ಅದು 95ರ ಆಸುಪಾಸಿನಲ್ಲಿತ್ತು. ಈ ಅಂಕಿಗಳನ್ನು ನಾನೇ ಅಳೆದಿದ್ದೇನೆ. ಅಳೆದ ಬಗೆಯನ್ನು ಮುಂದೆ ಹೇಳುತ್ತೇನೆ. ಬೆಳ್ಳಿಯ ಗೊಡವೆ ಬೇಡ, ನಿರ್ವಾತದಲ್ಲಿ ಅಲ್ಯೂಮಿನಿಯಂ ಹಾಕಿಸದೆ ಗತಿಯಿಲ್ಲ ಎಂದು ಐದಾರು ವರ್ಷ ನನಗೆ ಹೇಳುತ್ತ ಬಂದವರೇ ಈಗ ತಮ್ಮ ಕನ್ನಡಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬರುತ್ತಿದ್ದಾರೆ. ಎಲ್ಲರಿಗೂ ಅದೇ ಮಾತನ್ನು ಮತ್ತೆ ಮತ್ತೆ ಹೇಳುವ ಬದಲು ಬರೆದಿಡುವುದು ಒಳ್ಳೆಯದೆನಿಸಿತು. ಗಾಜನ್ನು ತೇಯುವುದು, ಹೊಳಪು ಕೊಡಲು ಬಳಸುವ ರಾಳದ ಅಚ್ಚು, ಸೀರಿಯಂ ಆಕ್ಸೈಡಿನ ಹೊಳಪು, ಕನ್ನಡಿಯ ಆಕಾರವನ್ನು ನೋಡುವ ಫೂಕೋ ಪರೀಕ್ಷೆ ಇವೆಲ್ಲ ಓದುವವರಿಗೆ ಗೊತ್ತೆಂದು ಭಾವಿಸಿ ನೇರವಾಗಿ ಲೇಪದ ವಿಷಯಕ್ಕೆ ಬರುತ್ತೇನೆ.

ಮೊದಲ ಕನ್ನಡಿಯನ್ನು ನಾನೂ ಎಲ್ಲರಂತೆ ಹೊರ ಊರಿಗೆ ಕಳುಹಿಸಿ ಅಲ್ಯೂಮಿನಿಯಂ ಹಾಕಿಸಿದ್ದೆ. ಲೇಪದ ಕೂಲಿ, ಮರದ ಪೆಟ್ಟಿಗೆ, ಕೊರಿಯರ್ ಎಲ್ಲ ಸೇರಿ ನಾಲ್ಕು ಸಾವಿರ ರೂಪಾಯಿಯ ಹತ್ತಿರ ಹೋಯಿತು. ಎರಡು ತಿಂಗಳ ಮೇಲೆ ಹಿಂದಿರುಗಿ ಬಂದ ಕನ್ನಡಿಯಲ್ಲಿ, ಲೇಪದ ಅಡಿಯಲ್ಲಿಯೇ, ಯಾರದೋ ಹೆಬ್ಬೆರಳಿನ ಗುರುತು ಗೆರೆಗೆರೆಯಾಗಿ ಕಾಣುತ್ತಿತ್ತು. ಮತ್ತೊಮ್ಮೆ ಕಳುಹಿಸಿದರೆ ಮತ್ತೆ ಅಷ್ಟೇ ಹಣ, ದಾರಿಯಲ್ಲಿ ಗಾಜು ಒಡೆದರೆ ನಾಲ್ಕು ತಿಂಗಳ ತೇಯ್ದ ಶ್ರಮವೂ ಹೋಗುತ್ತದೆ. ಬೆಳ್ಳಿಯತ್ತ ನಾನು ತಿರುಗಿದ್ದು ಈ ಲೆಕ್ಕಾಚಾರದಿಂದಲೇ ಹೊರತು ಹಳೆಯ ಕಾಲದ ವಿಧಾನವೊಂದರ ಮೇಲಿನ ಮೋಹದಿಂದಲ್ಲ.

ಸಂದೇಹಪಟ್ಟವರಲ್ಲಿ ಮುಖ್ಯರಾದವರು ನಮ್ಮೂರಿನ ಹಿರಿಯ ಕನ್ನಡಿ ಕೆಲಸಗಾರರೊಬ್ಬರು. “ಮೇಷ್ಟ್ರೇ, ಮುಖದ ಕಡೆ ಬೆಳ್ಳಿ ನಿಲ್ಲಂಗಿಲ್ಲ. ನಿಂತ್ರೂ ಮಬ್ಬು ಹಿಡೀತೈತಿ. ಸುಮ್ನೆ ದುಡ್ಡು ಹಾಳು ಮಾಡ್ಕೋಬ್ಯಾಡ್ರಿ” ಎಂದು ಅವರು ಹೇಳಿದ್ದು ಅವರ ಇಡೀ ಜೀವಮಾನದ ಅನುಭವದಿಂದ. ಮುಖದ ಕಡೆ ಎಂದರೆ ಗಾಜಿನ ಹಿಂದಲ್ಲ, ಬೆಳಕು ನೇರವಾಗಿ ಬಂದು ಬೀಳುವ ಮುಂಬದಿ. ಅವರು ಕಂಡದ್ದು ನಿಜವೇ ಆಗಿತ್ತು. ಆದರೆ ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದ 60 ಇಂಚಿನ ಕನ್ನಡಿಯೂ (1908), 100 ಇಂಚಿನ ಕನ್ನಡಿಯೂ (1917) ಮೊದಲಿಗೆ ಬೆಳ್ಳಿಯ ಲೇಪದಿಂದಲೇ ಆಕಾಶ ನೋಡಿದವು. 1930ರ ದಶಕದಲ್ಲಿ ಅಮೆರಿಕದ ಭೌತವಿಜ್ಞಾನಿ ಜಾನ್ ಸ್ಟ್ರಾಂಗ್ ನಿರ್ವಾತದಲ್ಲಿ ಅಲ್ಯೂಮಿನಿಯಂ ಆವಿಯನ್ನು ಕೂರಿಸುವ ವಿಧಾನವನ್ನು ಬಳಕೆಗೆ ತರುವವರೆಗೆ, ಅಂದರೆ ಫ್ರಾನ್ಸಿನ ಫೂಕೋ ಮತ್ತು ಜರ್ಮನಿಯ ಸ್ಟೈನ್‌ಹೈಲ್ 1850ರ ದಶಕದಲ್ಲಿ ಗಾಜಿನ ಮೇಲೆ ಬೆಳ್ಳಿ ಕೂರಿಸಿದಂದಿನಿಂದ ಮುಕ್ಕಾಲು ಶತಮಾನ, ಖಗೋಳಶಾಸ್ತ್ರ ನಡೆದದ್ದು ಈ ಮುಖದ ಬೆಳ್ಳಿಯ ಮೇಲೆಯೇ. ಇಂದಿಗೂ ಹವಾಯಿ ಮತ್ತು ಚಿಲಿಯಲ್ಲಿರುವ ಜೆಮಿನಿ ದೂರದರ್ಶಕಗಳ 8 ಮೀಟರಿನ ಕನ್ನಡಿಗಳಿಗೆ ಹಾಕುವುದು ಬೆಳ್ಳಿಯನ್ನೇ, ಅದರ ಮೇಲೊಂದು ರಕ್ಷಣೆಯ ಪದರದೊಂದಿಗೆ. ಅಂದಮೇಲೆ ಮುಖದ ಕಡೆ ಬೆಳ್ಳಿ ನಿಲ್ಲುತ್ತದೆ. ನಿಲ್ಲಿಸುವ ಬಗೆಯನ್ನು ಹುಡುಕಬೇಕಿತ್ತು.

ಇಲ್ಲಿ ಪರಮಾಣುಗಳ ಮಟ್ಟದ ವಿಚಾರವನ್ನು ಕೆಲಸಕ್ಕೆ ಬೇಕಾದಷ್ಟು ಮಾತ್ರ ಹೇಳುತ್ತೇನೆ, ಏಕೆಂದರೆ ನನ್ನ ವಿಧಾನದ ಪ್ರತಿಯೊಂದು ನಿರ್ಧಾರವೂ ಅದರಿಂದಲೇ ಬಂದಿದೆ. ಬೆಳ್ಳಿಯ ಪ್ರತಿ ಪರಮಾಣುವೂ ತನ್ನ ಹೊರಗಿನ ಒಂದು ಎಲೆಕ್ಟ್ರಾನನ್ನು ಇಡೀ ಲೋಹದ ಸ್ವತ್ತಾಗಿ ಬಿಟ್ಟುಕೊಟ್ಟಿರುತ್ತದೆ. ಒಂದು ಘನ ಸೆಂಟಿಮೀಟರಿನಲ್ಲಿ ಇಂತಹ ಎಲೆಕ್ಟ್ರಾನುಗಳು ಸುಮಾರು 5.9 × 10²² ಇರುತ್ತವೆ. 550 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ) ತರಂಗಾಂತರದ ಹಸಿರು ಬೆಳಕು ಬಂದು ಬಿದ್ದಾಗ ಅದರ ವಿದ್ಯುತ್ ಕ್ಷೇತ್ರವು ಸೆಕೆಂಡಿಗೆ ಸುಮಾರು 5.5 × 10¹⁴ ಸಲ ಅತ್ತಿತ್ತ ತುಯ್ಯುತ್ತದೆ, ಆ ಎಲೆಕ್ಟ್ರಾನುಗಳೂ ಅದೇ ಲಯದಲ್ಲಿ ತುಯ್ಯುತ್ತವೆ, ತುಯ್ಯುವ ಎಲೆಕ್ಟ್ರಾನುಗಳು ತಾವೇ ಹೊಸ ಅಲೆಗಳನ್ನು ಹೊರಡಿಸುತ್ತವೆ. ಲೋಹದ ಒಳಮುಖವಾಗಿ ಹೋಗುವ ಆ ಹೊಸ ಅಲೆಗಳು ಬಂದ ಬೆಳಕನ್ನು ರದ್ದು ಮಾಡುತ್ತವೆ. ಹೊರಮುಖವಾಗಿ ಹೊರಟವುಗಳನ್ನೇ ನಾವು ಪ್ರತಿಫಲನ ಎನ್ನುತ್ತೇವೆ. ಬೆಳಕು ಬೆಳ್ಳಿಯ ಅಂಚಿಗೆ ತಾಗಿ ಚೆಂಡಿನಂತೆ ಪುಟಿಯುವುದಿಲ್ಲ. ಅದು ಒಳಗೆ ಇಳಿಯುತ್ತದೆ, ಆದರೆ ಪ್ರತಿ 12–13 ನ್ಯಾನೋಮೀಟರಿಗೆ ಅದರ ತೀವ್ರತೆ ಮೂರನೆಯ ಒಂದು ಭಾಗದಷ್ಟಕ್ಕೆ ಕುಗ್ಗುತ್ತದೆ. ಪರಮಾಣುಗಳ ಲೆಕ್ಕದಲ್ಲಿ ಇದು ಐವತ್ತು ಪದರಗಳ ಆಸುಪಾಸು. ಲೇಪವು 60–70 ನ್ಯಾನೋಮೀಟರ್ ಇದ್ದರೆ, ಅಂದರೆ ಇನ್ನೂರೈವತ್ತು-ಮುನ್ನೂರು ಪರಮಾಣು ಪದರಗಳಿದ್ದರೆ, ಆಚೆ ದಾಟಿ ಹೋಗುವ ಬೆಳಕು ನೂರಕ್ಕೆ ಒಂದಕ್ಕಿಂತ ಕಡಿಮೆ. ಅದಕ್ಕಿಂತ ದಪ್ಪವಾಗಿ ಹಾಕಿದ ಬೆಳ್ಳಿಯು ಪ್ರತಿಫಲನಕ್ಕೆ ಏನನ್ನೂ ಸೇರಿಸುವುದಿಲ್ಲ.

ಎರಡನೆಯ ಸಂಗತಿ ಏರುತಗ್ಗಿನದು. ಹಸಿರು ಬೆಳಕಿನ ಒಂದು ಅಲೆಯ ಉದ್ದದಲ್ಲಿ ಬೆಳ್ಳಿಯ ಸಾವಿರದ ಒಂಬೈನೂರರಷ್ಟು ಪರಮಾಣುಗಳು ಸಾಲಾಗಿ ಕೂರುತ್ತವೆ. ಆದ್ದರಿಂದ ಒಂದೊಂದು ಪರಮಾಣುವಿನ ಉಬ್ಬು ಬೆಳಕಿಗೆ ತಿಳಿಯುವುದೇ ಇಲ್ಲ. ಸಾವಿರಾರು ಪರಮಾಣುಗಳ ಎಲೆಕ್ಟ್ರಾನುಗಳು ಕ್ರಮವಾಗಿ, ಒಂದರ ಹಿಂದೊಂದು ತಡವಾಗಿ ಕೊಟ್ಟ ಅಲೆಗಳೆಲ್ಲ ಒಂದೇ ದಿಕ್ಕಿನಲ್ಲಿ ಕೂಡಿಕೊಂಡು ಬೇರೆಲ್ಲ ದಿಕ್ಕುಗಳಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ. ಬಿದ್ದ ಕೋನಕ್ಕೆ ಸಮನಾದ ಕೋನದಲ್ಲೇ ಬೆಳಕು ಹೊರಡುವುದಕ್ಕೆ ಕಾರಣ ಇಷ್ಟೇ. ಮೇಲ್ಮೈಯ ಏರುತಗ್ಗು ಸರಾಸರಿ 2 ನ್ಯಾನೋಮೀಟರ್ ಇದ್ದರೆ ಈ ಶಿಸ್ತು ತಪ್ಪಿ ಚದುರುವ ಬೆಳಕು ನೂರಕ್ಕೆ 0.2ರಷ್ಟು; ಅದೇ 20 ನ್ಯಾನೋಮೀಟರ್ ಆದರೆ ನೂರಕ್ಕೆ 20ರಷ್ಟು. ಏರುತಗ್ಗು ಹತ್ತು ಪಟ್ಟಾದರೆ ನಷ್ಟ ನೂರು ಪಟ್ಟು. ನಮ್ಮ ಕನ್ನಡಿ ಕೆಲಸಗಾರರು ಹೇಳಿದ ಮಬ್ಬು ಈ ಚದುರಿದ ಬೆಳಕೇ ಆಗಿದೆ.

ಇನ್ನು ಬೆನ್ನು ಮತ್ತು ಮುಖದ ಮಾತು. ಮನೆಯ ಗೋಡೆಯ ಕನ್ನಡಿಯಲ್ಲಿ ಬೆಳಕು ಗಾಜನ್ನು ದಾಟಿ ಬೆಳ್ಳಿಯ ಬೆನ್ನನ್ನು, ಅಂದರೆ ಗಾಜಿಗೆ ಅಂಟಿ ಮೊದಲು ಕೂತ ಪರಮಾಣುಗಳನ್ನು ಮುಟ್ಟುತ್ತದೆ. ಆ ಬದಿಯು ಗಾಜಿನಷ್ಟೇ ನುಣುಪಾಗಿರುತ್ತದೆ. ಮೇಲೆ ಎಷ್ಟು ಒರಟಾಗಿ, ಎಷ್ಟು ದಪ್ಪವಾಗಿ ಬೆಳ್ಳಿ ಕೂತರೂ ಅದಕ್ಕೆ ಬಾಧೆಯಿಲ್ಲ. ದೂರದರ್ಶಕದ ಕನ್ನಡಿಯಲ್ಲಿ ಬೆಳಕು ಮುಟ್ಟುವುದು ಕಟ್ಟಕಡೆಯಲ್ಲಿ ಕೂತ ಪರಮಾಣುಗಳನ್ನು. ಬೆಳ್ಳಿಯ ಹರಳುಗಳು ಬೆಳೆದಂತೆಲ್ಲ ಆ ಮುಖ ಒರಟಾಗುತ್ತ ಹೋಗುತ್ತದೆ. ಆದ್ದರಿಂದ ಬೆನ್ನಿನ ಕನ್ನಡಿ ಮಾಡುವವರ ಎಲ್ಲ ಒಳ್ಳೆಯ ರೂಢಿಗಳೂ, ಮುಖ್ಯವಾಗಿ ಬೆಳ್ಳಿ ದಪ್ಪವಾಗಿ ಕೂರಲಿ ಎಂದು ತಟ್ಟೆಯಲ್ಲೇ ಬಿಡುವ ರೂಢಿಯು, ಮುಖದ ಕನ್ನಡಿಗೆ ಹಾನಿಕರ. ನನ್ನ ಇಡೀ ವಿಧಾನ ಎರಡು ಮಾತಿನಲ್ಲಿದೆ: ಬೆಳ್ಳಿಯನ್ನು ಸಣ್ಣ ಹರಳುಗಳಾಗಿ ನಿಧಾನವಾಗಿ ಕೂರಿಸಬೇಕು, ಬೇಕಾದಷ್ಟು ಕೂತ ಕ್ಷಣವೇ ಕನ್ನಡಿಯನ್ನು ಎತ್ತಬೇಕು.

ಇದನ್ನು ಅರಿಯುವ ಮುಂಚೆ ಹಾಳಾದ ಸಿಲ್ವರ್ ನೈಟ್ರೇಟಿನ (ಲೇಪಕ್ಕೆ ಬೆಳ್ಳಿ ಒದಗಿಸುವ ಲವಣ) ಬೆಲೆ ಎಂಟು-ಹತ್ತು ಸಾವಿರ ರೂಪಾಯಿಗೆ ಕಡಿಮೆಯಿಲ್ಲ. 25 ಗ್ರಾಮಿನ ಶೀಶೆಗೆ ಆಗ ಎರಡು ಸಾವಿರದ ಆಸುಪಾಸು ಇತ್ತು, ಈಗ ಇನ್ನೂ ಏರಿದೆ. ಮೊದಲ ಶೀಶೆ ನೀರಿನಿಂದಲೇ ಕೆಟ್ಟಿತು. ನಮ್ಮ ಭಾಗದ ಕೊಳವೆಬಾವಿಯ ನೀರಿನ ಗಡಸುತನ ಎಲ್ಲರಿಗೂ ಗೊತ್ತಿರುವುದೇ. ಒಂದು ಹನಿ ಸಿಲ್ವರ್ ನೈಟ್ರೇಟ್ ಬಿದ್ದರೆ ಲೋಟದ ನೀರು ಹಾಲಿನಂತೆ ಬಿಳಿಯಾಗುತ್ತದೆ, ಏಕೆಂದರೆ ನೀರಿನಲ್ಲಿರುವ ಕ್ಲೋರೈಡು ಬೆಳ್ಳಿಯನ್ನು ಹಿಡಿದು ಕೆಳಗೆ ಕೂರಿಸಿಬಿಡುತ್ತದೆ. ನಲ್ಲಿಗೆ ಬರುವ ತುಂಗಭದ್ರೆಯ ನೀರು ಅದಕ್ಕಿಂತ ವಾಸಿ, ಆದರೂ ಸಾಲದು. ಆರ್‌ಓ ನೀರೂ ಸಾಲದು. ಬ್ಯಾಟರಿ ಅಂಗಡಿಯಲ್ಲಿ ಕ್ಯಾನಿನಲ್ಲಿ ಮಾರುವ ಡಿಸ್ಟಿಲ್ಡ್ ವಾಟರ್ ಎಲ್ಲವೂ ಒಂದೇ ಗುಣದ್ದಲ್ಲ. ಒಂದು ಅಂಗಡಿಯ ನೀರು ಹನಿ ಪರೀಕ್ಷೆಯಲ್ಲಿ ತಿಳಿಯಾಗಿಯೇ ಉಳಿಯಿತು, ಇನ್ನೊಂದರದು ತಕ್ಷಣ ಮಸುಕಾಯಿತು. ಕ್ಯಾನಿನ ಮೇಲಿನ ಬರಹವನ್ನು ನಂಬದೆ ಪ್ರತಿ ಕ್ಯಾನಿಗೂ ಹನಿ ಪರೀಕ್ಷೆ ಮಾಡಿಯೇ ಬಳಸುತ್ತೇನೆ. ಕಾಲೇಜಿನ ಕಂಪ್ಯೂಟರ್ ಕೊಠಡಿಯ ಎ.ಸಿ.ಯಿಂದ ತೊಟ್ಟಿಕ್ಕುವ ನೀರನ್ನೂ ಹಿಡಿದು ಸೋಸಿ ನೋಡಿದೆ. ಹನಿ ಪರೀಕ್ಷೆಯಲ್ಲಿ ಅದು ಬ್ಯಾಟರಿ ನೀರಿಗಿಂತ ತಿಳಿಯಾಗಿತ್ತು, ಆದರೆ ಕೊಳವೆಯ ಜಿಡ್ಡು ಅದರಲ್ಲಿ ಬರುವುದರಿಂದ ಮೊದಲ ತೊಳೆತಕ್ಕಷ್ಟೇ ಅದನ್ನು ಬಳಸುತ್ತೇನೆ.

ತೊಳೆಯುವ ಕೆಲಸಕ್ಕೆ ನಾನು ಕೊಡುವಷ್ಟು ಸಮಯವನ್ನು ಲೇಪಕ್ಕೆ ಕೊಡುವುದಿಲ್ಲ. ರಾಳದ ಅಂಶ ಅಂಚಿನಲ್ಲಿ ಉಳಿದರೆ ಬೆಳ್ಳಿ ಅಲ್ಲಿಂದಲೇ ಸಿಪ್ಪೆಯಾಗಿ ಏಳುತ್ತದೆ. ಟರ್ಪೆಂಟೈನಿನಿಂದ ಒರೆಸಿ, ಸೋಪಿನಿಂದ ತೊಳೆದು, ಆಮೇಲೆ ನೈಟ್ರಿಕ್ ಆಮ್ಲದಲ್ಲಿ ಅದ್ದಿದ ಹತ್ತಿಯನ್ನು ಗಾಜಿನ ಕಡ್ಡಿಗೆ ಸುತ್ತಿ ಇಡೀ ಮೈಯನ್ನು ಉಜ್ಜುತ್ತೇನೆ. ಶುದ್ಧವಾಯಿತೋ ಇಲ್ಲವೋ ಎಂಬುದನ್ನು ನೀರೇ ಹೇಳುತ್ತದೆ: ಕನ್ನಡಿಯನ್ನು ಓರೆಯಾಗಿ ಹಿಡಿದಾಗ ನೀರು ಎಲ್ಲಿಯೂ ಬಿಟ್ಟುಕೊಳ್ಳದೆ ಒಂದೇ ತೆಳು ಹಾಳೆಯಾಗಿ ನಿಲ್ಲಬೇಕು. ಎಲ್ಲಾದರೂ ನೀರು ಸರಿದು ಒಣಗಿದ ದ್ವೀಪ ಕಂಡರೆ ಅಲ್ಲಿ ಜಿಡ್ಡಿದೆಯೆಂದು ಅರ್ಥ, ಮತ್ತೆ ಮೊದಲಿನಿಂದ. ಈ ಹಂತ ದಾಟಿದ ಗಾಜನ್ನು ಲೇಪ ಮುಗಿಯುವವರೆಗೆ ಒಣಗಲು ಬಿಡಬಾರದು, ಬರಿಗೈಯಲ್ಲಿ ಮುಟ್ಟಬಾರದು.

ಅನಂತರ ಸ್ಟ್ಯಾನಸ್ ಕ್ಲೋರೈಡಿನ, ಅಂದರೆ ತವರದ ಲವಣದ ಸ್ನಾನ. ಲೀಟರಿಗೆ ಸುಮಾರು ಒಂದು ಗ್ರಾಂ, ಕೆಲವು ಹನಿ ಹೈಡ್ರೋಕ್ಲೋರಿಕ್ ಆಮ್ಲ, ಆಗಲೇ ಬೆರೆಸಿದ್ದಾಗಿರಬೇಕು. ನಿನ್ನೆಯ ದ್ರಾವಣ ಮಸುಕಾಗಿದ್ದರೆ ಚರಂಡಿಗೆ ಚೆಲ್ಲುವುದೇ ಲೇಸು. ತವರದ ಅಯಾನುಗಳು (ವಿದ್ಯುದಂಶವುಳ್ಳ ಪರಮಾಣುಗಳು) ಗಾಜಿನ ಮೇಲೆ ಒತ್ತೊತ್ತಾಗಿ ಕೂರುತ್ತವೆ, ಬೆಳ್ಳಿಯ ಅಯಾನು ಹತ್ತಿರ ಬಂದಾಗ ಅದಕ್ಕೆ ಎಲೆಕ್ಟ್ರಾನು ಕೊಟ್ಟು ಅಲ್ಲಿಯೇ ಲೋಹವಾಗಿ ನಿಲ್ಲಿಸುತ್ತವೆ. ಹೀಗೆ ಬೀಜಗಳು ಒತ್ತಾಗಿ ಬಿದ್ದಷ್ಟೂ ಹರಳುಗಳು ದೊಡ್ಡದಾಗಲು ಜಾಗ ಸಿಗುವುದಿಲ್ಲ, ಮೇಲಿನ ಮುಖ ನುಣುಪಾಗಿ ಉಳಿಯುತ್ತದೆ. ಗೋಡೆಯ ಕನ್ನಡಿಗಿಂತ ದೂರದರ್ಶಕದ ಕನ್ನಡಿಗೆ ಈ ತವರದ ಸ್ನಾನ ಹೆಚ್ಚು ಮುಖ್ಯವಾಗುವುದು ಈ ಕಾರಣದಿಂದ. ಸ್ನಾನದ ನಂತರ ಮತ್ತೆ ಚೆನ್ನಾಗಿ ತೊಳೆಯಬೇಕು, ಇಲ್ಲವಾದರೆ ಅದರ ಕ್ಲೋರೈಡೇ ಬೆಳ್ಳಿಯನ್ನು ಕೆಡಿಸುತ್ತದೆ.

ದ್ರಾವಣದ ಪ್ರಮಾಣಗಳು ಹಳೆಯವೇ, ನೆನಪಿನಿಂದ ಬರೆಯುತ್ತಿದ್ದೇನೆ. ಆರು ಇಂಚಿನ ಕನ್ನಡಿಗೆ ಸಿಲ್ವರ್ ನೈಟ್ರೇಟ್ 5 ಗ್ರಾಂ, ಕಾಸ್ಟಿಕ್ ಪೊಟ್ಯಾಷ್ ಅದರ ಅರ್ಧ, ಡೆಕ್ಸ್‌ಟ್ರೋಸ್ (ಗ್ಲೂಕೋಸ್ ಸಕ್ಕರೆ; ಕೊನೆಯಲ್ಲಿ ಸೇರಿಸಿದಾಗ ಬೆಳ್ಳಿಯನ್ನು ಲೋಹವಾಗಿಸುವುದು ಇದೇ) ಎರಡೂವರೆಯಿಂದ ಮೂರು ಗ್ರಾಂ. ಬೆಳ್ಳಿಯ ದ್ರಾವಣಕ್ಕೆ ಅಮೋನಿಯಾವನ್ನು ಹನಿಹನಿಯಾಗಿ ಬಿಟ್ಟಾಗ ಮೊದಲು ಕಂದು ಗಷ್ಟು ಕಾಣಿಸಿಕೊಂಡು ಆಮೇಲೆ ಕರಗುತ್ತದೆ. ಪೊಟ್ಯಾಷ್ ಸೇರಿಸಿದಾಗ ಮತ್ತೆ ಕಂದಾಗುತ್ತದೆ, ಮತ್ತೆ ಅಮೋನಿಯಾದಿಂದ ತಿಳಿಯಾಗಿಸಬೇಕು. ಕೊನೆಗೆ, ಮೊದಲೇ ತೆಗೆದಿಟ್ಟ ಬೆಳ್ಳಿಯ ದ್ರಾವಣವನ್ನು ಕೆಲವು ಹನಿ ಸೇರಿಸಿ ಒಣಹುಲ್ಲಿನ ತೆಳು ಬಣ್ಣ ಬರುವಂತೆ ಮಾಡದಿದ್ದರೆ ಅಮೋನಿಯಾ ಹೆಚ್ಚಾಗಿ ಉಳಿದು ಬೆಳ್ಳಿ ಕೂರುವುದೇ ಇಲ್ಲ. ಈ ದ್ರಾವಣವನ್ನು ಎಂದಿಗೂ ಎತ್ತಿಡಬೇಡಿ. ಕೆಲವು ಗಂಟೆ ನಿಂತರೂ ಅದರಲ್ಲಿ ಸ್ಫೋಟಿಸುವ ಬೆಳ್ಳಿಯ ಸಂಯುಕ್ತ ಹುಟ್ಟುತ್ತದೆ, ಅಲ್ಲಾಡಿಸಿದರೆ ಸಾಕು ಸಿಡಿಯುತ್ತದೆ. ಪೊಟ್ಯಾಷ್ ಸೇರಿಸುವುದು ಬಳಸುವ ಹೊತ್ತಿನಲ್ಲೇ, ಕೂಡಲೇ ಬಳಕೆ, ಮುಗಿದ ತಕ್ಷಣ ಉಳಿದದ್ದಕ್ಕೆಲ್ಲ ಹೈಡ್ರೋಕ್ಲೋರಿಕ್ ಆಮ್ಲ. ಕಣ್ಣಿಗೆ ಕನ್ನಡಕ, ಕೈಗೆ ಕೈಗವಸು ಇಲ್ಲದೆ ಈ ಕೋಣೆಗೆ ನನ್ನ ವಿದ್ಯಾರ್ಥಿಗಳನ್ನೂ ನಾನು ಬಿಡುವುದಿಲ್ಲ. ಹಳೆಯ ಪ್ರಮಾಣಕ್ಕಿಂತ ನೀರನ್ನು ಎಷ್ಟು ಹೆಚ್ಚಿಸುತ್ತೇನೆ ಎಂಬುದನ್ನು, ಮತ್ತು ಡೆಕ್ಸ್‌ಟ್ರೋಸಿನ ಜೊತೆ ಏನನ್ನು ತುಸು ಸೇರಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅವೆರಡೂ ನನಗೆ ಬಹಳ ದುಬಾರಿಯಾಗಿ ದಕ್ಕಿದ ಸಂಗತಿಗಳು. ಅವಿಲ್ಲದೆಯೂ ಕೆಲಸ ಆಗುತ್ತದೆ, ತುಸು ಹೆಚ್ಚು ತಾಳ್ಮೆ ಬೇಕಾಗುತ್ತದೆ.

ಎರಡನೆಯ ಶೀಶೆಯನ್ನು ನುಂಗಿದ್ದು ಬಿಸಿಲು. ಏಪ್ರಿಲ್ ತಿಂಗಳಿನಲ್ಲಿ, ಹೊರಗೆ 38–39 ಡಿಗ್ರಿ ಇರುವಾಗ, ಡೆಕ್ಸ್‌ಟ್ರೋಸ್ ಸೇರಿಸಿದ ಅರ್ಧ ನಿಮಿಷದೊಳಗೆ ದ್ರಾವಣ ಕಪ್ಪು ಕೆಸರಾಗುತ್ತಿತ್ತು. ಕಾವು ಹೆಚ್ಚಿದಾಗ ಬೆಳ್ಳಿಯು ಗಾಜಿಗೆ ಬರುವ ತನಕ ಕಾಯದೆ ನೀರಿನ ನಡುವೆಯೇ ಕಣಗಳಾಗಿ, ಆ ಕಣಗಳು ಕನ್ನಡಿಯ ಮೇಲೆ ಕೂತು, ಲೇಪದ ಮೇಲೆಲ್ಲ ಬೂದು ಬಣ್ಣದ ಹಿಟ್ಟು ಬಳಿದಂತಾಗುತ್ತಿತ್ತು. ಅದೇ ಕನ್ನಡಿಯನ್ನು ಬೆನ್ನಿನ ಕಡೆಯಿಂದ ನೋಡಿದರೆ ಥಳಥಳ ಹೊಳೆಯುತ್ತಿತ್ತು. ಮಂಜುಗಡ್ಡೆಯಲ್ಲಿ ತಟ್ಟೆ ಇಟ್ಟು ನೋಡಿದೆ. ತಟ್ಟೆಯ ಅಡಿ ತಣ್ಣಗೆ, ಮೇಲಿನ ನೀರು ಬೆಚ್ಚಗೆ ಆಗಿ ಲೇಪ ಪಟ್ಟೆಪಟ್ಟೆಯಾಗಿ ಕೂತಿತು. ಕೊನೆಗೆ ಉಪಾಯವೆಂದರೆ ಕಾಲವನ್ನೇ ಬದಲಿಸುವುದು. ಧನುರ್ಮಾಸದ ಬೆಳಗಿನ ಜಾವದಲ್ಲಿ ನಮ್ಮ ಹಿತ್ತಿಲ ಕೋಣೆ, ಅದರೊಳಗಿನ ನೀರು, ಗಾಜು, ತಟ್ಟೆ ಎಲ್ಲವೂ ಹಿಂದಿನ ರಾತ್ರಿಯಿಂದ ಒಂದೇ ಕಾವಿನಲ್ಲಿ, 18 ಡಿಗ್ರಿಯ ಹತ್ತಿರ ನಿಂತಿರುತ್ತವೆ. ಆಗ ನಡೆಯುವ ಕ್ರಿಯೆಯೇ ಬೇರೆ.

ಆ ಕ್ರಿಯೆಯನ್ನು ಹತ್ತಿರದಿಂದ ನೋಡುವುದಕ್ಕಾಗಿ ಕನ್ನಡಿಯ ಪಕ್ಕದಲ್ಲಿ ತಟ್ಟೆಯೊಳಗೆ ಸೂಕ್ಷ್ಮದರ್ಶಕದ ಗಾಜಿನ ಪಟ್ಟಿಗಳನ್ನು ಸಾಲಾಗಿ ಮಲಗಿಸಿ, ಇಷ್ಟಿಷ್ಟು ಹೊತ್ತಿಗೆ ಒಂದೊಂದನ್ನು ಎತ್ತಿ ತೊಳೆದು ಒಣಗಿಸಿದೆ. ಮೊದಲ ಪಟ್ಟಿಯಲ್ಲಿ ಕನ್ನಡಿಯ ಲಕ್ಷಣವೇ ಇರಲಿಲ್ಲ. ಬೆಳಕಿಗೆ ಹಿಡಿದರೆ ತೆಳು ಹಳದಿ. ಎರಡನೆಯದು ಕಂದು ನೇರಳೆ. ಈ ಹಂತದಲ್ಲಿ ಬೆಳ್ಳಿ ಬಿಡಿ ದ್ವೀಪಗಳಾಗಿರುತ್ತದೆ. ಎಲೆಕ್ಟ್ರಾನುಗಳು ತಮ್ಮ ತಮ್ಮ ದ್ವೀಪದೊಳಗೇ ಸಿಕ್ಕಿಬಿದ್ದು ಕೆಲವು ಬಣ್ಣಗಳನ್ನು ಹಿಂದಿರುಗಿಸುವ ಬದಲು ನುಂಗಿಹಾಕುತ್ತವೆ. ಮೂರನೆಯ ಪಟ್ಟಿಯ ಹೊತ್ತಿಗೆ, ಹದ ಮಳೆಗೆ ಹೊಲದ ಗುಂಡಿಗಳ ನೀರು ಒಂದಕ್ಕೊಂದು ಕೂಡಿಕೊಳ್ಳುವಂತೆ ದ್ವೀಪಗಳು ಕೂಡಿ, ಎಲೆಕ್ಟ್ರಾನುಗಳಿಗೆ ಓಡಾಡಲು ದಾರಿ ಸಿಕ್ಕಿ, ಪಟ್ಟಿಯಲ್ಲಿ ನನ್ನ ಮುಖ ಕಾಣಿಸಿತು. ಅಲ್ಲಿಂದ ಮುಂದಿನ ಪಟ್ಟಿಗಳ ಮೂಲಕ ಹಳೆಯ 60 ವ್ಯಾಟಿನ ಬುರುಡೆ ಬಲ್ಬನ್ನು ನೋಡಿದರೆ ಅದರ ತಂತಿ ನೀಲಿಯಾಗಿ ಕಾಣುತ್ತಿತ್ತು: ಮೊದಲು ತಿಳಿನೀಲಿ, ಆಮೇಲೆ ಕಡುನೀಲಿ, ಕೊನೆಗೆ ಏನೂ ಇಲ್ಲ. ತೆಳು ಬೆಳ್ಳಿಯು ಕೆಂಪು ಹಸಿರುಗಳನ್ನು ಹೆಚ್ಚು ತಡೆದು ನೀಲಿ ನೇರಳೆಗಳನ್ನು ತುಸು ಹೆಚ್ಚು ಬಿಟ್ಟುಕೊಡುತ್ತದೆ. ಈ ಪಟ್ಟಿಗಳಿಂದ ಸೂರ್ಯನನ್ನು ಮಾತ್ರ ನೋಡಬಾರದು. 320 ನ್ಯಾನೋಮೀಟರಿನ ಸುತ್ತ ಬೆಳ್ಳಿಯು ಕನ್ನಡಿಯಾಗಿ ಉಳಿಯುವುದೇ ಇಲ್ಲ, ಕಣ್ಣಿಗೆ ಕಾಣದ ಅತಿನೇರಳೆ ಕಿರಣ ಅದರ ಮೂಲಕ ದಾಟಿ ಬರುತ್ತದೆ.

ಪ್ರತಿ ಪಟ್ಟಿಯ ಮುಖವನ್ನೂ ಬೆನ್ನನ್ನೂ ಬೇರೆ ಬೇರೆಯಾಗಿ ಅಳೆದದ್ದು ನನ್ನ ಪಾಲಿಗೆ ಇಡೀ ಕೆಲಸದ ತಿರುವು. ಅಳತೆಯ ಸಾಧನ ಬಹಳ ಸರಳ: ಒಂದು ಎಲ್‌ಇಡಿ ಟಾರ್ಚು, ಅದಕ್ಕೆ ಸ್ಥಿರವಾದ ವಿದ್ಯುತ್ತು, ಕೆಟ್ಟ ತೋಟದ ದೀಪದಿಂದ ಕಿತ್ತ ಸಣ್ಣ ಸೌರಕೋಶ, ಅದರ ಶಾರ್ಟ್ ಸರ್ಕ್ಯೂಟ್ ಪ್ರವಾಹವನ್ನು ತೋರಿಸುವ ಮಲ್ಟಿಮೀಟರ್. ಬೆಳಕು ನೇರವಾಗಿ ಬಿದ್ದಾಗಿನ ಪ್ರವಾಹ, ಅಷ್ಟೇ ದೂರವನ್ನು ಕನ್ನಡಿಯ ಮೂಲಕ ಸುತ್ತಿ ಬಂದು ಬಿದ್ದಾಗಿನ ಪ್ರವಾಹ, ಇವೆರಡರ ಅನುಪಾತವೇ ಉತ್ತರ; ಒಂದೆರಡು ಅಂಶ ಹೆಚ್ಚು ಕಡಿಮೆ ಇದ್ದೀತು. ಕಡುನೀಲಿಯ ಹಂತದವರೆಗೆ ಮುಖ ಮತ್ತು ಬೆನ್ನು ಎರಡೂ ಜೊತೆಯಾಗಿ ಏರಿದವು, ಮುಖ 95ರ ಸುತ್ತ, ಬೆನ್ನು ಗಾಜಿನ ನಷ್ಟ ಕಳೆದು 90ರ ಸುತ್ತ. ಅಲ್ಲಿಂದಾಚೆಗೆ ಬೆನ್ನು ಅಲ್ಲಿಯೇ ನಿಂತಿತು, ಮುಖ ಇಳಿಯತೊಡಗಿತು: 92, 87, ಕೊನೆಯ ಪಟ್ಟಿಯಲ್ಲಿ 75ಕ್ಕಿಂತ ಕೆಳಗೆ. ಕನ್ನಡಿ ಕೆಲಸಗಾರರಿಗೆ ಆ ಪಟ್ಟಿಗಳನ್ನು ತೋರಿಸಿದಾಗ ಅವರು ಒಂದೊಂದನ್ನೂ ತಿರುಗಿಸಿ ತಿರುಗಿಸಿ ಬಹಳ ಹೊತ್ತು ನೋಡಿ, “ನಾವು ಇಷ್ಟು ವರ್ಷ ಬೆನ್ನಷ್ಟ ನೋಡೀವಿ ಬಿಡ್ರಿ” ಎಂದರು. ಅವರ ಒಪ್ಪಿಗೆ ನನಗೆ ಯಾವ ಪ್ರಮಾಣಪತ್ರಕ್ಕಿಂತಲೂ ದೊಡ್ಡದು.

ಹಾಗಾಗಿ ಈಗ ನಾನು ಗಡಿಯಾರವನ್ನು ನೋಡುವುದಿಲ್ಲ. ತಟ್ಟೆಯನ್ನು ನಿಧಾನವಾಗಿ ತೂಗುತ್ತ, ಒದ್ದೆ ಹತ್ತಿಯ ಉಂಡೆಯನ್ನು ಅದರದೇ ಭಾರದಲ್ಲಿ ಕನ್ನಡಿಯ ಮೇಲೆ ಎಳೆದು ಕೆಸರನ್ನು ಸರಿಸುತ್ತ, ಪಕ್ಕದಲ್ಲಿಟ್ಟ ಸಾಕ್ಷಿ ಪಟ್ಟಿಯಲ್ಲಿ ಬಲ್ಬಿನ ತಂತಿ ಕಡುನೀಲಿಗೆ ತಿರುಗಿದೊಡನೆ ಕನ್ನಡಿಯನ್ನು ಎತ್ತಿ ತೊಳೆಯುತ್ತೇನೆ. ತೆಳುವಾಯಿತು, ಇನ್ನೊಂದಿಷ್ಟು ಬಿಡಿ ಎಂದು ಪಕ್ಕದಲ್ಲಿ ನಿಂತವರು ಪ್ರತಿ ಸಲವೂ ಹೇಳುತ್ತಾರೆ, ನಾನು ಕೇಳುವುದಿಲ್ಲ.

ಅಳತೆಯ ಸಾಧನ ಕೈಯಲ್ಲಿರುವಾಗ ಬೇರೆ ಲೋಹಗಳನ್ನೂ ಬಿಡಲಿಲ್ಲ. ಹುಣಸೆಹಣ್ಣಿನಿಂದ ಬೆಳಗಿ, ಆಮೇಲೆ ಸೀರಿಯಂನಿಂದ ಹೊಳಪು ಕೊಟ್ಟ ತಾಮ್ರದ ತಗಡಿಗೆ ಕೆಂಪು, ಹಸಿರು, ನೀಲಿ ಎಲ್‌ಇಡಿಗಳನ್ನು ಸರದಿಯಲ್ಲಿ ಹಿಡಿದೆ. ಕೆಂಪಿನಲ್ಲಿ ತಾಮ್ರ ಬೆಳ್ಳಿಗೆ ಬಹಳ ಹತ್ತಿರ ಬಂತು, ನೀಲಿಯಲ್ಲಿ ಅರ್ಧದಷ್ಟೂ ಹಿಂದಿರುಗಿಸಲಿಲ್ಲ. ತಾಮ್ರದ ಒಳಸುತ್ತಿನ ಎಲೆಕ್ಟ್ರಾನುಗಳು ಸುಮಾರು 2.1 ಎಲೆಕ್ಟ್ರಾನ್ ವೋಲ್ಟ್ (ಪರಮಾಣು ಮಟ್ಟದಲ್ಲಿ ಬಳಸುವ ಶಕ್ತಿಯ ಅಳತೆ) ಶಕ್ತಿ ಸಿಕ್ಕರೆ ಮೇಲೇರುವುದರಿಂದ ಹಸಿರು ನೀಲಿಗಳನ್ನು ನುಂಗುತ್ತವೆ. ಬೆಳ್ಳಿಯಲ್ಲಿ ಅದಕ್ಕೆ 4ರ ಹತ್ತಿರ ಬೇಕು, ಅಷ್ಟು ಶಕ್ತಿ ಕಣ್ಣಿಗೆ ಕಾಣುವ ಯಾವ ಬಣ್ಣಕ್ಕೂ ಇಲ್ಲ. ಬೆಳ್ಳಿಗೆ ಬಣ್ಣವಿಲ್ಲದಿರುವುದೂ ತಾಮ್ರ ಕೆಂಪಾಗಿರುವುದೂ ಇದರಿಂದಲೇ. ಲೇಪವೇ ಇಲ್ಲದ ಬರಿಗಾಜಿನ ಕನ್ನಡಿಯಿಂದಲೂ ಚಂದ್ರನನ್ನು ನೋಡಿದ್ದೇನೆ. ಗಾಜಿನ ಎಲೆಕ್ಟ್ರಾನುಗಳು ತಮ್ಮ ಪರಮಾಣುಗಳಿಗೆ ಕಟ್ಟುಬಿದ್ದಿರುವುದರಿಂದ ನೂರಕ್ಕೆ 4 ಭಾಗ ಬೆಳಕನ್ನಷ್ಟೇ ಹಿಂದಿರುಗಿಸುತ್ತವೆ, ಹುಣ್ಣಿಮೆಯ ಚಂದ್ರನಿಗೆ ಅಷ್ಟು ಸಾಕು, ಕಣ್ಣಿಗೆ ಹಿತವೂ ಹೌದು. ಲೇಪಕ್ಕೆ ಮುಂಚೆ ಕನ್ನಡಿಯ ಆಕಾರವನ್ನು ಪರೀಕ್ಷಿಸಲು ಇದು ಖರ್ಚಿಲ್ಲದ ದಾರಿ.

ಬೆಳ್ಳಿ ಕಪ್ಪಾಗುತ್ತದೆ ಎಂಬ ಮಾತಿಗೆ ಬರುತ್ತೇನೆ. ಬೆಳ್ಳಿಯನ್ನು ಕೆಡಿಸುವುದು ಗಂಧಕ. ಗಾಳಿಯಲ್ಲಿರುವ ಅತ್ಯಲ್ಪ ಹೈಡ್ರೋಜನ್ ಸಲ್ಫೈಡು ಮೇಲಿನ ಕೆಲವೇ ಪರಮಾಣು ಪದರಗಳನ್ನು ಸಲ್ಫೈಡಾಗಿ ಮಾರ್ಪಡಿಸಿದರೂ ಮೊದಲು ನೀಲಿ ಬಣ್ಣ ತಗ್ಗಿ ಕನ್ನಡಿ ಹಳದಿಯಾಗುತ್ತದೆ. ಹೆಚ್ಚುವರಿ ಪಟ್ಟಿಗಳನ್ನು ಮನೆಯ ಬೇರೆ ಬೇರೆ ಕಡೆ ಇಟ್ಟು ನೋಡಿದೆ: ಬಚ್ಚಲಿನ ಚರಂಡಿಯ ಪಕ್ಕದ್ದು ಮತ್ತು ಡಬ್ಬಿಯೊಳಗೆ ರಬ್ಬರ್ ಬ್ಯಾಂಡುಗಳ ಜೊತೆ ಇಟ್ಟದ್ದು ಎರಡು ಮೂರು ವಾರಗಳಲ್ಲೇ ಹಳದಿಯಾದವು, ರಬ್ಬರನ್ನು ಗಟ್ಟಿಗೊಳಿಸಲು ಗಂಧಕ ಬೆರೆಸಿರುವುದೇ ಅದಕ್ಕೆ ಕಾರಣ. ಅಡುಗೆಮನೆಯದು ಸ್ವಲ್ಪ ತಡವಾಗಿ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಸಕ್ರಿಯ ಇದ್ದಿಲು ಮತ್ತು ಸಿಲಿಕಾ ಜೆಲ್ ಜೊತೆ ಇಟ್ಟದ್ದು ವರ್ಷವಾದರೂ ಕಣ್ಣಿಗೆ ಹೊಸದರಂತೆಯೇ ಇದೆ. ಆದ್ದರಿಂದ ನನ್ನ ದೂರದರ್ಶಕದಲ್ಲಿ ಕನ್ನಡಿಯು ಕಳಚಿ ತೆಗೆಯುವಂತಹ ತೊಟ್ಟಿಲಿನಲ್ಲಿ ಕೂರುತ್ತದೆ. ಜಗಳೂರು ಕಡೆಯ ಹೊಲದಲ್ಲಿ ರಾತ್ರಿ ಮುಗಿದ ಮೇಲೆ ಅದು ನೇರವಾಗಿ ಸ್ಟೀಲ್ ಡಬ್ಬಿಗೆ ಹೋಗುತ್ತದೆ. ಡಬ್ಬಿಯ ಮುಚ್ಚಳಕ್ಕೆ ರಬ್ಬರ್ ಗ್ಯಾಸ್ಕೆಟ್ ಇರಬಾರದು, ಸಿಲಿಕೋನ್ ಆಗಬಹುದು. ವರ್ಷದ ಮೇಲೆ ಅಳೆದಾಗ ಕೆಂಪಿನಲ್ಲಿ ನಷ್ಟ ಬಹುತೇಕ ಇರಲಿಲ್ಲ, ನೀಲಿಯಲ್ಲಿ ಆರೇಳು ಅಂಶ ಇಳಿದಿತ್ತು. ಲೇಪದ ಮೇಲೆ ಕೊನೆಯಲ್ಲಿ ಮಾಡುವ ಇನ್ನೊಂದು ಉಪಚಾರವೂ ಇದೆ. ಅದನ್ನು ಇನ್ನೂ ಎರಡು ಮಳೆಗಾಲ ಪರೀಕ್ಷಿಸಿದ ಮೇಲೆಯೇ ಹೇಳುವುದು ಸರಿ.

ಹಣದ ಲೆಕ್ಕ ಹೀಗಿದೆ. ಒಂದು ಸಲದ ಲೇಪಕ್ಕೆ ಆಗಿನ ಬೆಲೆಯಲ್ಲಿ ಸಿಲ್ವರ್ ನೈಟ್ರೇಟಿಗೆ 400 ರೂಪಾಯಿ, ಉಳಿದ ರಾಸಾಯನಿಕ ಮತ್ತು ನೀರು ಸೇರಿ 100–150 ಆಗುತ್ತಿತ್ತು. ಐದು ಗ್ರಾಂ ನೈಟ್ರೇಟಿನಲ್ಲಿ ಬೆಳ್ಳಿ ಸುಮಾರು 3.2 ಗ್ರಾಂ ಇರುತ್ತದೆ, ಅದರಲ್ಲಿ ಕನ್ನಡಿಯ ಮೇಲೆ ಉಳಿಯುವುದು 12 ಮಿಲಿಗ್ರಾಮಿನಷ್ಟು ಮಾತ್ರ. ಮಿಕ್ಕದ್ದೆಲ್ಲ ಕೆಸರಿನಲ್ಲಿದೆ. ಆಮ್ಲ ಹಾಕಿದ ಕೆಸರನ್ನು ಬಕೆಟ್ಟಿನಲ್ಲಿ ಕೂಡಿಹಾಕಿ, ಬಿಳಿಯಾಗಿ ಕೂತ ಸಿಲ್ವರ್ ಕ್ಲೋರೈಡನ್ನು ತೊಳೆದು, ಕಾಸ್ಟಿಕ್ ಸೋಡಾ ಮತ್ತು ಗ್ಲೂಕೋಸ್ ಜೊತೆ ಬಿಸಿ ಮಾಡಿದರೆ ಬೂದು ಬಣ್ಣದ ಬೆಳ್ಳಿಯ ಪುಡಿ ಸಿಗುತ್ತದೆ. ಹಾಳಾದ ಲೇಪಗಳನ್ನೆಲ್ಲ ಸೇರಿಸಿ ಹೀಗೆ ತೆಗೆದ ಪುಡಿಯನ್ನು ಪರಿಚಯದ ಅಕ್ಕಸಾಲಿಗರು ಕರಗಿಸಿ ಕೊಟ್ಟಾಗ ಹತ್ತಿರ ಹತ್ತಿರ ಐವತ್ತು ಗ್ರಾಮಿನ ಗಟ್ಟಿ ಬಂತು. ಅಲ್ಯೂಮಿನಿಯಂ ಲೇಪ ನಾಲ್ಕೈದು ವರ್ಷ ಬರುತ್ತದೆ, ಬೆಳ್ಳಿಯನ್ನು ಒಂದೂವರೆ-ಎರಡು ವರ್ಷಕ್ಕೊಮ್ಮೆ ಮತ್ತೆ ಹಾಕಬೇಕು ಎಂಬುದು ನಿಜ. ಆದರೆ ಎರಡು ಕನ್ನಡಿಗಳ ದೂರದರ್ಶಕದಲ್ಲಿ 88 ಭಾಗ ಹಿಂದಿರುಗಿಸುವ ಅಲ್ಯೂಮಿನಿಯಂ ಕಣ್ಣಿಗೆ ತಲುಪಿಸುವುದು ನೂರಕ್ಕೆ 77, ಬೆಳ್ಳಿ 90. ಅದೇ ಆರು ಇಂಚಿನ ಗಾಜಿನಲ್ಲಿ ಇಷ್ಟು ಬೆಳಕು ಹೆಚ್ಚಿಗೆ ಸಿಗುವುದಾದರೆ ಎರಡು ವರ್ಷಕ್ಕೊಮ್ಮೆ ಒಂದು ಚಳಿಯ ಬೆಳಗನ್ನು ಖರ್ಚು ಮಾಡಲು ನಾನು ಸಿದ್ಧ.

ಈಗ ಎಂಟು ಇಂಚಿನ ಕನ್ನಡಿ ತೇಯ್ದು ಮುಗಿದಿದೆ. ಅದರ ಮೈ ಆರು ಇಂಚಿನದಕ್ಕಿಂತ 1.8 ಪಟ್ಟಿನಷ್ಟು ದೊಡ್ಡದು, ಹಾಗಾಗಿ ನೈಟ್ರೇಟ್ 9 ಗ್ರಾಂ ಬೇಕು. ತಟ್ಟೆ ದೊಡ್ಡದಾದಂತೆ ನಡುವಿನ ಮತ್ತು ಅಂಚಿನ ಲೇಪದಲ್ಲಿ ವ್ಯತ್ಯಾಸ ಬರುವ ಸಂಭವವಿರುವುದರಿಂದ ಈ ಸಲ ಸಾಕ್ಷಿ ಪಟ್ಟಿಗಳನ್ನು ಅಂಚಿನ ಸುತ್ತ ನಾಲ್ಕು ಕಡೆ ಇಡುತ್ತೇನೆ. ಬರುವ ಮಾಗಿಯಲ್ಲಿ ಹಾಕುವಾಗ ನೋಡಲು ಬರುವವರು ಹಿಂದಿನ ರಾತ್ರಿಯೇ ಬಂದು ಉಳಿಯಬೇಕು, ಏಕೆಂದರೆ ಬೆಳಗ್ಗೆ ಆರರೊಳಗೆ ಕೆಲಸ ಮುಗಿದಿರುತ್ತದೆ.